ಪಹಣಿಯಲ್ಲಿ ಕಾಣದ ನಷ್ಟ

ಅತಿವೃಷ್ಟಿ ಅಥವಾ ಅನಾವೃಷ್ಟಿಯ ವರ್ಷಗಳಲ್ಲಿ ಸರ್ಕಾರವು ರೈತರಿಗೆ ಬೆಳೆ ಪರಿಹಾರವನ್ನು ಘೋಷಿಸಿದಾಗಲೆಲ್ಲ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ವಲಯದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ರೈತರಿಗೆ ಕೊಟ್ಟರು, ಸರಿ, ತಿಂಗಳು ತಿಂಗಳು ತೆರಿಗೆ ಕಟ್ಟುವ ನಮಗೇನು ಕೊಟ್ಟರು?” ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ತಪ್ಪು ತಿಳಿವಳಿಕೆಯಿದೆ. ರೈತರಿಗೆ ಬಹಳ ದೊರೆಯುತ್ತಿದೆ ಎಂಬುದು ತಪ್ಪು ತಿಳಿವಳಿಕೆ. ಅದೇ ವಿಕೋಪದಲ್ಲಿ ನೆಲ ಕಚ್ಚಿದ ಗ್ರಾಮೀಣ ಅಂಗಡಿಯ, ಗಿರಣಿಯ, ಸಣ್ಣ ಕಾರ್ಖಾನೆಯ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂಬುದು ಸತ್ಯ. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ನಮ್ಮ ಬೇಡಿಕೆಯು ರೈತರ ಮೇಲಿನ ಅಸೂಯೆಯಂತೆ ಕಾಣುತ್ತದೆಯೇ ಹೊರತು ನ್ಯಾಯದ ಕೋರಿಕೆಯಂತೆ ಕಾಣುವುದಿಲ್ಲ. ಆದುದರಿಂದ ಮೊದಲು ಅಂಕಿ ಅಂಶಗಳನ್ನು ನೋಡೋಣ. ಅನಂತರ ನಾವು ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದನ್ನು ವಿಚಾರ ಮಾಡೋಣ.

ರೈತರಿಗೆ ದೊರೆಯುವುದೆಷ್ಟು?

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅನ್ವಯ ಪ್ರತಿ ರಾಜ್ಯದಲ್ಲಿಯೂ ವಿಪತ್ತು ಸ್ಪಂದನಾ ನಿಧಿಯೊಂದಿದೆ. ಕರ್ನಾಟಕದಂತಹ ರಾಜ್ಯಗಳಲ್ಲಿ ಈ ನಿಧಿಯ ಶೇಕಡ 75 ಭಾಗವನ್ನು ಕೇಂದ್ರವೂ 25 ಭಾಗವನ್ನು ರಾಜ್ಯವೂ ಭರಿಸುತ್ತವೆ. ಈ ಹಣವನ್ನು ಯಾರಿಗೆ, ಯಾವ ಬಾಬ್ತಿಗೆ, ಎಷ್ಟು ಕೊಡಬೇಕೆಂಬುದನ್ನು ಕೇಂದ್ರ ಗೃಹ ಸಚಿವಾಲಯವು ಮಾನದಂಡಗಳ ಮೂಲಕ ನಿಗದಿಪಡಿಸುತ್ತದೆ. 2022ರಿಂದ 2026ರ ವರೆಗಿನ ಅವಧಿಗೆ ಹೊರಡಿಸಲಾದ ಮಾನದಂಡಗಳಲ್ಲಿ, ಬೆಳೆ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾಗಿದ್ದರೆ, ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ ರೂ. 8,500, ನೀರಾವರಿ ಜಮೀನಿಗೆ ರೂ. 17,000, ಬಹುವಾರ್ಷಿಕ ಬೆಳೆಗಳಿಗೆ ರೂ. 22,500 ಎಂದು ನಿಗದಿಯಾಯಿತು. ಎಷ್ಟೇ ಜಮೀನಿದ್ದರೂ 2 ಹೆಕ್ಟೇರಿಗೆ ಮಿತಿ.

ಇದನ್ನು ನಮ್ಮ ಭಾಗದ ರಾಗಿ ಬೆಳೆಗಾರನ ಲೆಕ್ಕಕ್ಕೆ ಇಳಿಸಿದರೆ ಎಕರೆಗೆ ಸುಮಾರು ರೂ. 3,440 ಆಗುತ್ತದೆ. ಉಳುಮೆ, ಬಿತ್ತನೆ ಬೀಜ, ಗೊಬ್ಬರ, ಕೂಲಿಗಳ ಇಂದಿನ ದರವನ್ನು ಬಲ್ಲ ಯಾರಿಗಾದರೂ ಈ ಮೊತ್ತವು ಬೆಳೆಯ ಬೆಲೆಯಲ್ಲ, ಬೆಳೆಗೆ ಹಾಕಿದ ಖರ್ಚೂ ಅಲ್ಲ ಎಂಬುದು ತಿಳಿಯುತ್ತದೆ. ಸರ್ಕಾರಿ ಭಾಷೆಯಲ್ಲಿಯೂ ಇದಕ್ಕೆ ನಷ್ಟ ಪರಿಹಾರವೆಂಬ ಹೆಸರಿಲ್ಲ. ಇನ್‌ಪುಟ್ ಸಬ್ಸಿಡಿ ಎಂದು ಹೆಸರು. ಮುಂದಿನ ಹಂಗಾಮಿನಲ್ಲಿ ಬೀಜ, ಗೊಬ್ಬರ ಕೊಳ್ಳಲು ಒಂದಿಷ್ಟು ಕೈಯಾಸರೆ ಎಂಬುದೇ ಅದರ ಅರ್ಥ.

ಈ ದರ ಸಾಲದೆಂಬುದನ್ನು ರಾಜ್ಯ ಸರ್ಕಾರಗಳು ಪಕ್ಷಭೇದವಿಲ್ಲದೆ ಒಪ್ಪಿಕೊಂಡಿವೆ. 2021ರ ಡಿಸೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬೆಳಗಾವಿ ಅಧಿವೇಶನದಲ್ಲಿ ಮಳೆಯಾಶ್ರಿತ ಬೆಳೆಯ ಪರಿಹಾರವನ್ನು ರೂ. 6,800ರಿಂದ ರೂ. 13,600ಕ್ಕೆ ಏರಿಸಿದರು. 2025ರ ಸೆಪ್ಟೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪ್ರವಾಹಕ್ಕೆ ಸಿಲುಕಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರತಿ ಹೆಕ್ಟೇರಿಗೆ ರಾಜ್ಯದ ಬೊಕ್ಕಸದಿಂದ ಹೆಚ್ಚುವರಿಯಾಗಿ ರೂ. 8,500 ನೀಡುವುದಾಗಿ ಘೋಷಿಸಿದರು. ಇಮ್ಮಡಿಯಾದ ಮೇಲೂ 2 ಹೆಕ್ಟೇರಿನ ಮಳೆಯಾಶ್ರಿತ ರೈತನಿಗೆ ದೊರೆಯುವ ಗರಿಷ್ಠ ಮೊತ್ತ ರೂ. 34,000. ಇಡೀ ಹಂಗಾಮಿನ ದುಡಿಮೆ ನೀರುಪಾಲಾದ ಕುಟುಂಬಕ್ಕೆ ಇದು ದೊಡ್ಡ ಮೊತ್ತವೆಂದು ನಮ್ಮಲ್ಲಿ ಯಾರೂ ಹೇಳಲಾರರು.

ಹಣವು ಕೈಸೇರುವ ಕಾಲದ ಲೆಕ್ಕವನ್ನೂ ನೋಡಬೇಕು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ರಾಜ್ಯವು ಕೇಂದ್ರದಿಂದ ರೂ. 18,171.44 ಕೋಟಿ ಕೋರಿತು. ಹಣ ಬಾರದಿದ್ದಾಗ 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತಾಗಿ ರೈತರಿಗೆ ಗರಿಷ್ಠ ರೂ. 2,000 ನೀಡಲಾರಂಭಿಸಿತು, ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. ಕೇಂದ್ರದಿಂದ ಸುಮಾರು ರೂ. 3,454 ಕೋಟಿ ಬಿಡುಗಡೆಯಾದದ್ದು ಏಪ್ರಿಲ್ ಅಂತ್ಯದಲ್ಲಿ. ಬೆಳೆ ಒಣಗಿದ್ದು ಒಂದು ವರ್ಷ, ಹಣ ಬಂದದ್ದು ಮುಂದಿನ ಬಿತ್ತನೆಯ ಹೊಸ್ತಿಲಲ್ಲಿ. ಕೋರಿದ್ದು ಹೆಚ್ಚೋ ಕೊಟ್ಟದ್ದು ಕಡಿಮೆಯೋ ಎಂಬ ರಾಜಕೀಯ ವಾದ ನಮ್ಮ ಪತ್ರಿಕೆಯ ವಿಷಯವಲ್ಲ. ಎಂಟು ತಿಂಗಳ ನಂತರ ಬರುವ ಹಣದಿಂದ ಬಂಡವಾಳದ ಸಮಸ್ಯೆ ಬಗೆಹರಿಯದೆಂಬುದನ್ನು ಮಾತ್ರ ವ್ಯಾಪಾರ ಮಾಡುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಭೂಮಿಯೇ ಅಳತೆಗೋಲಾದ ಬಗೆ

ಹಾಗಾದರೆ ಪರಿಹಾರವೆಂದರೆ ಜಮೀನಿನ ಲೆಕ್ಕವೇ ಏಕೆ? ಇದಕ್ಕೆ ಉತ್ತರ ನಮ್ಮ ಆಡಳಿತದ ಇತಿಹಾಸದಲ್ಲಿದೆ. 1876-78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. ಆ ಅನುಭವದ ಬೆನ್ನಲ್ಲೇ 1880ರ ಕ್ಷಾಮ ಆಯೋಗದ ವರದಿ, ಕ್ಷಾಮ ಸಂಹಿತೆಗಳು, 1883 ಹಾಗೂ 1884ರ ಕಾಯ್ದೆಗಳಡಿ ರೈತರಿಗೆ ತಕಾವಿ ಸಾಲ ಇವೆಲ್ಲ ಬಂದವು. ಅಂದಿನ ಸರ್ಕಾರದ ಮುಖ್ಯ ವರಮಾನ ಭೂಕಂದಾಯ. ಕಂದಾಯ ವಸೂಲಿಗೆ ಇಟ್ಟ ಲೆಕ್ಕವೇ ಕಂದಾಯ ಮಾಫಿಗೂ ಆಧಾರ, ಸಾಲಕ್ಕೂ ಆಧಾರ. ಶಾನುಭೋಗರ ಪುಸ್ತಕದಲ್ಲಿ ಸರ್ವೆ ನಂಬರು ಇದ್ದವನು ಸರ್ಕಾರದ ಕಣ್ಣಿಗೆ ಕಾಣುತ್ತಿದ್ದ, ಇಲ್ಲದವನು ಕಾಣುತ್ತಿರಲಿಲ್ಲ.

ಒಂದೂವರೆ ಶತಮಾನದ ಅನಂತರ ಶಾನುಭೋಗರು ಗ್ರಾಮ ಲೆಕ್ಕಿಗರಾದರು, ಗ್ರಾಮ ಲೆಕ್ಕಿಗರು ಗ್ರಾಮ ಆಡಳಿತ ಅಧಿಕಾರಿಗಳಾದರು. ಪಹಣಿ ಗಣಕಯಂತ್ರಕ್ಕೆ ಏರಿತು. ರೈತನಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಗುರುತಿನ ಸಂಖ್ಯೆ ಬಂದಿತು. ‘ಪರಿಹಾರ’ ತಂತ್ರಾಂಶದ ಮೂಲಕ ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗತೊಡಗಿತು. ಮಧ್ಯವರ್ತಿಗಳನ್ನು ತಪ್ಪಿಸಿದ ಈ ವ್ಯವಸ್ಥೆ ಶ್ಲಾಘನೀಯವೇ. ಆದರೆ ಅಳತೆಗೋಲು ಮಾತ್ರ ಬದಲಾಗಲಿಲ್ಲ. ಇಂದಿಗೂ ಪರಿಹಾರವು ಪಹಣಿಯನ್ನು ಹಿಂಬಾಲಿಸುತ್ತದೆ, ದುಡಿಮೆಯನ್ನಲ್ಲ.

ಇದರಿಂದ ರೈತರಲ್ಲಿಯೇ ಒಂದು ವರ್ಗಕ್ಕೆ ಅನ್ಯಾಯವಾಗುತ್ತಿದೆ. 1974ರ ತಿದ್ದುಪಡಿಯ ಅನಂತರ ಕರ್ನಾಟಕದಲ್ಲಿ ಗೇಣಿ ಪದ್ಧತಿಗೆ ಕಾನೂನಿನ ಮಾನ್ಯತೆಯಿಲ್ಲ. ಆದರೂ ಬಾಯಿಮಾತಿನ ಗುತ್ತಿಗೆಯ ಮೇಲೆ ಸಾಗುವಳಿ ನಡೆಯುತ್ತಲೇ ಇದೆ. ಹಾಗೆ ಜಮೀನು ಪಡೆದು ಹೂವನ್ನೋ ತರಕಾರಿಯನ್ನೋ ಬೆಳೆದವನ ಬೆಳೆ ಆಲಿಕಲ್ಲು ಮಳೆಗೆ ಹಾಳಾದರೆ ಪರಿಹಾರದ ಹಣ ಜಮೆಯಾಗುವುದು ಪಹಣಿಯಲ್ಲಿ ಹೆಸರಿರುವ ಮಾಲೀಕನ ಖಾತೆಗೆ. ಸಾಲ ಮಾಡಿದವನೊಬ್ಬ, ಪರಿಹಾರ ಪಡೆದವನು ಇನ್ನೊಬ್ಬ. ಕಾಗದದಲ್ಲಿ ಇಲ್ಲದವನ ನಷ್ಟ ನಷ್ಟವೇ ಅಲ್ಲ ಎಂಬ ಈ ನ್ಯಾಯಕ್ಕೆ ಗ್ರಾಮೀಣ ವರ್ತಕನೂ ಬಲಿಯಾಗುತ್ತಿದ್ದಾನೆ.

ಅಂಗಡಿಗೂ ಗಿರಣಿಗೂ ಕಾಲಂ ಇಲ್ಲ

ಮೇಲೆ ಹೇಳಿದ ಮಾನದಂಡಗಳ ಪಟ್ಟಿಯನ್ನು ಆದ್ಯಂತ ಓದಿದರೆ ಬೆಳೆ, ಜಾನುವಾರು, ಮೀನುಗಾರರ ದೋಣಿ ಮತ್ತು ಬಲೆ, ಮನೆ, ಬಟ್ಟೆ, ಪಾತ್ರೆ ಇವೆಲ್ಲಕ್ಕೂ ದರಗಳಿವೆ. ಉದ್ಯಮಕ್ಕೆ ಹತ್ತಿರವಾದ ಬಾಬ್ತು ಒಂದೇ: ಕೈಮಗ್ಗ ಹಾಗೂ ಕರಕುಶಲ ಕಸುಬುದಾರರಿಗೆ ಹಾಳಾದ ಸಲಕರಣೆಗಾಗಿ ರೂ. 5,000, ಹಾಳಾದ ಕಚ್ಚಾ ಸಾಮಗ್ರಿ ಅಥವಾ ಸಿದ್ಧ ಸರಕಿಗಾಗಿ ರೂ. 5,000. 2019ರ ಆಗಸ್ಟಿನಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಗೆ ತುತ್ತಾದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನೇಕಾರರ ಮಗ್ಗಗಳು ನೀರಿನಲ್ಲಿ ನಿಂತಿದ್ದವು. ಆಗ ಜಾರಿಯಲ್ಲಿದ್ದ ದರ ಇದಕ್ಕೂ ಕಡಿಮೆ, ರೂ. 4,100. ಕೆಸರು ತುಂಬಿದ ಮಗ್ಗವನ್ನು ಬಿಚ್ಚಿ ಜೋಡಿಸುವ ಖರ್ಚಿಗೆ ಇದು ಎಷ್ಟು ಸಾಲುತ್ತದೆಂಬುದನ್ನು ನೇಕಾರರೇ ಹೇಳಬೇಕು.

ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಕಿರಾಣಿ ಅಂಗಡಿ, ಬೀಜ ಗೊಬ್ಬರದ ಮಳಿಗೆ, ವೆಲ್ಡಿಂಗ್ ಶಾಪು, ಟ್ರ್ಯಾಕ್ಟರ್ ರಿಪೇರಿ ಷೆಡ್ಡು ಇವುಗಳಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ರೇಷ್ಮೆಯ ಉದಾಹರಣೆ ತೆಗೆದುಕೊಳ್ಳಿ. ಹಿಪ್ಪುನೇರಳೆ ತೋಟ ಹಾಳಾದರೆ ಹೆಕ್ಟೇರಿಗೆ ರೂ. 6,000 ಉಂಟು. ಅದೇ ಗೂಡನ್ನು ಕೊಂಡು ನೂಲು ತೆಗೆಯುವ ರಾಮನಗರದ ಅಥವಾ ಶಿಡ್ಲಘಟ್ಟದ ರೀಲರನ ಯಂತ್ರಕ್ಕೆ ನೀರು ನುಗ್ಗಿದರೆ ಆ ಯಂತ್ರಕ್ಕೆಂದು ಪಟ್ಟಿಯಲ್ಲಿ ದರವಿಲ್ಲ. ಸರಪಳಿಯ ಒಂದು ಕೊಂಡಿ ಸರ್ಕಾರಕ್ಕೆ ಕಾಣುತ್ತದೆ, ಪಕ್ಕದ ಕೊಂಡಿ ಕಾಣುವುದಿಲ್ಲ.

ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಉದ್ದಿಮೆದಾರರು ಇದು ಹಳ್ಳಿಯ ಮಾತು, ನಮಗೇಕೆ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಕೈಗಾರಿಕಾ ಪ್ರದೇಶಗಳಿರುವುದು ಆನೇಕಲ್ ತಾಲ್ಲೂಕಿನಲ್ಲಿ. 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಬಂದಿದೆಯಾದರೂ ತಾಲ್ಲೂಕಿನ ರಾಗಿ ಹೊಲಗಳೂ ಹೂವಿನ ತೋಟಗಳೂ ಮಾಯವಾಗಿಲ್ಲ. ಇಲ್ಲಿ ತಯಾರಾಗುವ ಪೈಪು, ಪಂಪಿನ ಬಿಡಿಭಾಗ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ ಮುಂತಾದವುಗಳಿಗೆ ಗ್ರಾಹಕನಾದವನು ಒಂದಲ್ಲ ಒಂದು ಹಂತದಲ್ಲಿ ರೈತನೇ. ಬರ ಬಂದ ವರ್ಷ ರೈತ ಗೊಬ್ಬರದಂಗಡಿಯ ಉದರಿ ತೀರಿಸುವುದಿಲ್ಲ. ಅಂಗಡಿಯವನು ಸಗಟು ವರ್ತಕನಿಗೆ ಕೊಡುವುದಿಲ್ಲ. ಸಗಟು ವರ್ತಕ ನಮ್ಮ ಬಿಲ್ಲಿಗೆ ತೊಂಬತ್ತು ದಿನವಿದ್ದ ವಾಯಿದೆಯನ್ನು ನೂರೆಂಬತ್ತು ದಿನಕ್ಕೆ ಎಳೆಯುತ್ತಾನೆ. ಹೊಲದಲ್ಲಿ ಬಿದ್ದ ಬರದ ಬಿಸಿ ಕಾರ್ಖಾನೆಯ ಓವರ್‌ಡ್ರಾಫ್ಟ್ ಖಾತೆಗೆ ತಟ್ಟಲು ಎರಡು ತ್ರೈಮಾಸಿಕ ಸಾಕು. ಹೀಗಿರುವಾಗ ರೈತನಿಗೆ ಪರಿಹಾರ ಬೇಗ ಮತ್ತು ತಕ್ಕಷ್ಟು ದೊರೆಯುವುದು ನಮ್ಮ ಹಿತವೂ ಹೌದು. ರೈತರ ಪರಿಹಾರವನ್ನು ವಿರೋಧಿಸುವ ವರ್ತಕ ತನ್ನ ಉದರಿಯ ವಸೂಲಿಯನ್ನು ತಾನೇ ವಿರೋಧಿಸಿದಂತೆ.

ಮುಳುಗಿದ ಸರಕಿನ ಮೇಲೆ ತೆರಿಗೆ

ಇಲ್ಲಿಯವರೆಗೆ ಹೇಳಿದ್ದು ಸರ್ಕಾರ ಕೊಡದಿರುವ ವಿಚಾರ. ಸರ್ಕಾರ ಪಡೆಯುವ ವಿಚಾರ ಇದಕ್ಕಿಂತ ಕಹಿಯಾದುದು, ಮತ್ತು ಬಹುಮಂದಿ ಸದಸ್ಯರ ಗಮನಕ್ಕೆ ಬಾರದಿರುವುದು.

ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ಉಪಬಂಧದ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕುಗಳ ಮೇಲಿನ ಇನ್‌ಪುಟ್ ತೆರಿಗೆ ಕ್ರೆಡಿಟ್ ಸಲ್ಲುವುದಿಲ್ಲ. ಉದಾಹರಣೆಗೆ ಹೋಬಳಿ ಕೇಂದ್ರವೊಂದರ ಹಾರ್ಡ್‌ವೇರ್ ವರ್ತಕನ ಗೋದಾಮಿನಲ್ಲಿ ತೆರಿಗೆ ಹೊರತುಪಡಿಸಿ ರೂ. 10 ಲಕ್ಷದ ದಾಸ್ತಾನು ಇತ್ತೆಂದು ಇಟ್ಟುಕೊಳ್ಳೋಣ. ಶೇಕಡ 18ರ ದರದಲ್ಲಿ ಅವನು ಪಡೆದ ಕ್ರೆಡಿಟ್ ರೂ. 1.80 ಲಕ್ಷ. ಕೆರೆಯ ಏರಿ ಒಡೆದು ಎಲ್ಲವೂ ಹಾಳಾಯಿತು. ಅವನು ಕಳೆದುಕೊಂಡದ್ದು ರೂ. 10 ಲಕ್ಷ, ಅದರ ಮೇಲೆ ರೂ. 1.80 ಲಕ್ಷದ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಎಂದರೆ, ಅದೇ ನೆರೆಯಲ್ಲಿ ಸರ್ಕಾರವು ಒಬ್ಬನಿಗೆ ಹೆಕ್ಟೇರಿಗೆ ಇಷ್ಟೆಂದು ಕೊಡುತ್ತದೆ, ಇನ್ನೊಬ್ಬನಿಂದ ಮುಳುಗಿದ ಸರಕಿನ ಮೇಲೆ ಇಷ್ಟೆಂದು ಪಡೆಯುತ್ತದೆ. ಈ ನಷ್ಟವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರ ನಷ್ಟವಾಗಿ ತೋರಿಸಿ ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು, ನಿಜ. ಆದರೆ ಮುಂದಿನ ವರ್ಷಗಳಲ್ಲಿ ಲಾಭ ಬರಬೇಕಾದರೆ ಅಂಗಡಿ ಮೊದಲು ಬಾಗಿಲು ತೆರೆದಿರಬೇಕಲ್ಲ!

ಉದರಿಯ ಕಥೆಯೂ ಇದೇ. ಮಾಲನ್ನು ಸಾಲವಾಗಿ ಕೊಟ್ಟ ತಿಂಗಳೇ ವರ್ತಕ ಜಿ.ಎಸ್.ಟಿ. ಪಾವತಿಸಿರುತ್ತಾನೆ. ಬರದಿಂದ ಆ ಸಾಲ ಮುಳುಗಿದರೂ ಕಟ್ಟಿದ ತೆರಿಗೆ ಹಿಂದಿರುಗುವುದಿಲ್ಲ. ಮುಳುಗಿದ ಸಾಲಕ್ಕೆ ನಮ್ಮ ಜಿ.ಎಸ್.ಟಿ.ಯಲ್ಲಿ ಪರಿಹಾರವಿಲ್ಲ. ಇತ್ತ ಮಾಲು ಕೊಂಡವನು 180 ದಿನಗಳೊಳಗೆ ಹಣ ಕೊಡದಿದ್ದರೆ ತಾನು ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು. ಕಾನೂನಿಗೆ ಬರಗಾಲದ 180 ದಿನಗಳೂ ಸುಭಿಕ್ಷದ 180 ದಿನಗಳೂ ಒಂದೇ.

ಆದಾಯ ತೆರಿಗೆಯಲ್ಲಿ ಮಾತ್ರ ಒಂದು ಸಹಾನುಭೂತಿಯ ಅವಕಾಶವಿತ್ತು. 1961ರ ಕಾಯ್ದೆಗೆ 2007ರಲ್ಲಿ ಸೇರಿಸಲಾದ 10(10ಬಿಸಿ) ಉಪಬಂಧವು ವಿಪತ್ತಿನ ಕಾರಣ ಸರ್ಕಾರದಿಂದ ಅಥವಾ ಸ್ಥಳೀಯ ಸಂಸ್ಥೆಯಿಂದ ವ್ಯಕ್ತಿಯು ಪಡೆದ ಪರಿಹಾರವನ್ನು ತೆರಿಗೆಯಿಂದ ಮುಕ್ತಗೊಳಿಸಿತು. ಪಾಲುದಾರಿಕೆ ಸಂಸ್ಥೆಗಾಗಲಿ ಕಂಪನಿಗಾಗಲಿ ಆ ವಿನಾಯಿತಿ ಅನ್ವಯಿಸಲಿಲ್ಲ. ಪರಿಹಾರವೇ ಇಲ್ಲದವರಿಗೆ ವಿನಾಯಿತಿಯಿಂದೇನು ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ಸರ್ಕಾರಕ್ಕೆ ನಮ್ಮ ಲೆಕ್ಕ ತಿಳಿಯದೆ?

ವರ್ತಕರ ನಷ್ಟವನ್ನು ಅಳೆಯುವುದು ಕಷ್ಟ, ಆದ್ದರಿಂದಲೇ ಮಾನದಂಡದಲ್ಲಿ ಸೇರಿಸಿಲ್ಲ ಎಂಬ ವಾದವೊಂದಿದೆ. ಹಿಂದೆ ಇದು ನಿಜವಾಗಿದ್ದಿರಬಹುದು. ಇಂದು ವರ್ತಕನು ಕೊಂಡ ಪ್ರತಿ ಬಿಲ್ಲೂ ಜಿ.ಎಸ್.ಟಿ. ಜಾಲದಲ್ಲಿ ದಾಖಲಾಗುತ್ತದೆ. ಸಣ್ಣ ಉದ್ಯಮಗಳಿಗೆ 2020ರ ಜುಲೈಯಿಂದ ಉದ್ಯಮ್ ನೋಂದಣಿಯಿದೆ. ಜಿ.ಎಸ್.ಟಿ. ವ್ಯಾಪ್ತಿಗೆ ಬಾರದ ಅತಿಸಣ್ಣ ಕಸುಬುದಾರರಿಗೂ 2023ರಿಂದ ಉದ್ಯಮ್ ಅಸಿಸ್ಟ್ ವೇದಿಕೆಯಿದೆ. 2025ರ ಜುಲೈನಲ್ಲಿ ಏನಾಯಿತೆಂಬುದನ್ನು ಸದಸ್ಯರು ಮರೆತಿರಲಾರರು: ಯು.ಪಿ.ಐ. ಮೂಲಕ ಬಂದ ಹಣದ ವಿವರ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರೆಗೂ ನೋಟಿಸು ಕಳುಹಿಸಿತು. ಹಿಂದಿನ ನಾಲ್ಕು ವರ್ಷಗಳ ಸ್ವೀಕೃತಿಯನ್ನು ರೂಪಾಯಿ ಲೆಕ್ಕದಲ್ಲಿ ಎಣಿಸಬಲ್ಲ ಸರ್ಕಾರಕ್ಕೆ, ಅದೇ ಅಂಗಡಿಗೆ ನೀರು ನುಗ್ಗಿದಾಗ ಎಷ್ಟು ದಾಸ್ತಾನು ಇದ್ದಿರಬಹುದೆಂದು ಅಂದಾಜು ಮಾಡುವುದು ಅಸಾಧ್ಯವೆಂದರೆ ನಂಬುವುದು ಹೇಗೆ?

ಶಾನುಭೋಗರ ಕಾಲದಲ್ಲಿ ಸರ್ಕಾರದ ವರಮಾನ ಭೂಮಿಯಿಂದ ಬರುತ್ತಿತ್ತು, ಆದುದರಿಂದ ಭೂಮಿಯ ಲೆಕ್ಕ ನೋಡಿ ನೆರವು ಕೊಟ್ಟರು. ಇಂದು ರಾಜ್ಯದ ವರಮಾನದ ದೊಡ್ಡ ಭಾಗ ಸರಕು ಮತ್ತು ಸೇವೆಗಳ ಮೇಲಿನ ತೆರಿಗೆಯಿಂದ ಬರುತ್ತಿದೆ. ವಸೂಲಿಗೆ ಇಟ್ಟ ಲೆಕ್ಕವನ್ನೇ ನೆರವಿಗೂ ಬಳಸುವುದು ನಮ್ಮ ಆಡಳಿತದ ಹಳೆಯ ಧರ್ಮ. ಆ ಧರ್ಮವನ್ನು ವರ್ತಕರ ವಿಷಯದಲ್ಲಿಯೂ ಪಾಲಿಸಿ ಎಂಬುದಷ್ಟೇ ನಮ್ಮ ಕೋರಿಕೆಯಾಗಬೇಕು.

ಮನಸ್ಸು ಮಾಡಿದರೆ ದಾರಿಯಿದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಪೂರ್ವನಿದರ್ಶನವಿದೆ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ, 2020ರ ಮೇ 6ರಂದು, ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರೂ. 1,610 ಕೋಟಿಯ ನೆರವು ಘೋಷಿಸಿದರು. ಅದರಲ್ಲಿ ಹೂವು ಬೆಳೆಗಾರರಿಗೆ ಹೆಕ್ಟೇರಿಗೆ ರೂ. 25,000, ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ರೂ. 5,000 ಇದ್ದವು, ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕದ ಮನ್ನಾ ಇತ್ತು. ಪಹಣಿಯಿಲ್ಲದ ಕಸುಬಿಗೂ ನೆರವು ಕೊಡಬಹುದೆಂಬುದನ್ನು ಸರ್ಕಾರವೇ ಅಂದು ಸಾಧಿಸಿ ತೋರಿಸಿತು.

ನೆರೆರಾಜ್ಯ ಕೇರಳವು 2018ರ ಮಹಾಪ್ರವಾಹದ ಅನಂತರ ‘ಉಜ್ಜೀವನ’ ಯೋಜನೆಯಡಿ ವರ್ತಕರ ಹಾಗೂ ಸಣ್ಣ ಘಟಕಗಳ ಬ್ಯಾಂಕ್ ಸಾಲಕ್ಕೆ ನೆರವು ನೀಡಿತು. ಪುನರ್ನಿರ್ಮಾಣದ ಹಣಕ್ಕಾಗಿ 2019ರ ಆಗಸ್ಟ್ 1ರಿಂದ ಎರಡು ವರ್ಷ ಶೇಕಡ 1ರ ಪ್ರವಾಹ ಸೆಸ್ ವಿಧಿಸಿತು. ಅದನ್ನು ಗ್ರಾಹಕರಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಿದವರೂ ವರ್ತಕರೇ. ಅಮೆರಿಕದಲ್ಲಿಯೂ ವಿಕೋಪದ ಪ್ರದೇಶದ ಸಣ್ಣ ಉದ್ಯಮಗಳಿಗೆ, 1953ರಲ್ಲಿ ಸ್ಥಾಪಿತವಾದ ಫೆಡರಲ್ ಸಂಸ್ಥೆಯೊಂದು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲವನ್ನು ನೇರವಾಗಿ ನೀಡುತ್ತದೆ. ಗಮನಿಸಬೇಕಾದ ಅಂಶವೆಂದರೆ, ಆ ಸಿರಿವಂತ ದೇಶದಲ್ಲಿಯೂ ಉದ್ಯಮಗಳಿಗೆ ಮುಖ್ಯವಾಗಿ ದೊರೆಯುವುದು ಸಾಲ, ದಾನವಲ್ಲ.

ಏನನ್ನು ಕೇಳಬೇಕು, ಏನನ್ನು ಕೇಳಬಾರದು

ನಷ್ಟದ ಪೂರ್ಣ ಮೊತ್ತವನ್ನು ಸರ್ಕಾರ ತುಂಬಿಕೊಡಲಿ ಎಂದು ವಾಣಿಜ್ಯ ಮಂಡಳಿಯು ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವು ಸದಸ್ಯರಿಗೆ ಇದು ರುಚಿಸದಿರಬಹುದು. ಆದರೆ ರೈತನಿಗೇ ಪೂರ್ಣ ನಷ್ಟ ತುಂಬಿಕೊಡದ ಬೊಕ್ಕಸ ನಮಗೆ ಕೊಡುವುದಿಲ್ಲ. ಕೊಟ್ಟರೂ ವಿಮೆ ಮಾಡಿಸಿ ಕಂತು ಕಟ್ಟಿದ ಎಚ್ಚರದ ವರ್ತಕನಿಗೆ ಅದು ಅನ್ಯಾಯ. ಆಗದ ಬೇಡಿಕೆಯನ್ನು ಗಟ್ಟಿಯಾಗಿ ಕೂಗುವುದಕ್ಕಿಂತ ಆಗುವ ಬೇಡಿಕೆಗಳನ್ನು ಕಾಗದದ ಮೇಲೆ ಸರಿಯಾಗಿ ಬರೆಯುವುದು ಲೇಸು. ನನ್ನ ದೃಷ್ಟಿಯಲ್ಲಿ ಅಂತಹ ಬೇಡಿಕೆಗಳು ನಾಲ್ಕು.

ಮೊದಲನೆಯದು, ಸಮೀಕ್ಷೆಯಲ್ಲಿ ಒಂದು ಕಾಲಂ. ವಿಕೋಪದ ಅನಂತರ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳು ನಡೆಸುವ ಜಂಟಿ ಸಮೀಕ್ಷೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನೂ ಸೇರಿಸಿ, ಹಾನಿಗೊಂಡ ಅಂಗಡಿ ಹಾಗೂ ಘಟಕಗಳನ್ನು ಉದ್ಯಮ್ ಸಂಖ್ಯೆ ಅಥವಾ ಸ್ಥಳೀಯ ಸಂಸ್ಥೆಯ ಪರವಾನಗಿಯ ಆಧಾರದ ಮೇಲೆ ದಾಖಲಿಸಬೇಕು. ಹಣ ಕೊಡುವ ಮಾತು ಅನಂತರದ್ದು. ಮೊದಲು ನಷ್ಟವಾಗಿದೆಯೆಂಬ ದಾಖಲೆಯಾದರೂ ಆಗಲಿ. ವಿಮಾ ಕಂಪನಿಯೂ ಬ್ಯಾಂಕೂ ಕೇಳುವುದು ಮೊದಲು ಆ ದಾಖಲೆಯನ್ನೇ.

ಎರಡನೆಯದು, ಅತಿಸಣ್ಣ ಘಟಕಗಳಿಗೆ ಮಾತ್ರ ಮರುಪ್ರಾರಂಭದ ಒಂದು ನಿಗದಿತ ಮೊತ್ತ. ಕೈಮಗ್ಗಕ್ಕಿರುವ ಬಾಬ್ತನ್ನು ಗಿರಣಿ, ವೆಲ್ಡಿಂಗ್ ಶಾಪು, ಸಣ್ಣ ಕಿರಾಣಿ ಅಂಗಡಿಗಳಿಗೂ ವಿಸ್ತರಿಸುವುದು, ಮತ್ತು ಮೊತ್ತವನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸುವುದು. 16ನೇ ಹಣಕಾಸು ಆಯೋಗದ ಶಿಫಾರಸಿನ ಅವಧಿ 2026ರ ಏಪ್ರಿಲ್ 1ರಿಂದ 2031ರ ಮಾರ್ಚಿನವರೆಗೆ. ಇಂತಹ ಮಾನದಂಡಗಳು ಅವಧಿಗೊಮ್ಮೆ ಪರಿಷ್ಕೃತವಾಗುವುದರಿಂದ ಈ ಅವಧಿಯಲ್ಲಿ ಮನವಿ ಸಲ್ಲಿಸದಿದ್ದರೆ ಇನ್ನೂ ಐದು ವರ್ಷ ಕಾಯಬೇಕಾದೀತು.

ಮೂರನೆಯದು, ಜಿ.ಎಸ್.ಟಿ. ಮಂಡಳಿಯ ಮುಂದೆ. ಸರ್ಕಾರವೇ ವಿಕೋಪವೆಂದು ಅಧಿಸೂಚನೆ ಹೊರಡಿಸಿದ ತಾಲ್ಲೂಕುಗಳಲ್ಲಿ ನಾಶವಾದ ದಾಸ್ತಾನಿಗೆ 17(5)(ಎಚ್) ಉಪಬಂಧದಿಂದ ವಿನಾಯಿತಿ ನೀಡಬೇಕು. 180 ದಿನಗಳ ಗಡುವನ್ನು ವಿಸ್ತರಿಸಬೇಕು. ಇದರಿಂದ ಬೊಕ್ಕಸದಿಂದ ಹೊಸದಾಗಿ ಹಣ ಹೊರಹೋಗುವುದಿಲ್ಲ. ಮುಳುಗಿದವನಿಂದ ಪಡೆಯುವುದು ನಿಲ್ಲುತ್ತದೆ, ಅಷ್ಟೆ. ಸುಳ್ಳು ನಷ್ಟ ತೋರಿಸುವವರಿಗೆ ಇದರಿಂದ ದಾರಿಯಾಗುವುದಿಲ್ಲವೇ ಎಂಬ ಆಕ್ಷೇಪ ಸಹಜ. ಸಮೀಕ್ಷೆಯ ದಾಖಲೆ, ಜಾಲದಲ್ಲಿರುವ ಖರೀದಿ ಬಿಲ್ಲುಗಳು, ಲೆಕ್ಕಪರಿಶೋಧಕರ ಪ್ರಮಾಣಪತ್ರ ಈ ಮೂರೂ ತಾಳೆಯಾದರೆ ಮಾತ್ರ ವಿನಾಯಿತಿ ಎಂದು ವಿಧಿಸಲಿ. 2019ರಿಂದ ನಮ್ಮ ಪ್ರತಿ ಪ್ರಮಾಣಪತ್ರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಸಹಿ ಹಾಕಿದವನು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ನಾಲ್ಕನೆಯದು, ಬ್ಯಾಂಕುಗಳಿಂದ ಕಾಲಮಿತಿಯ ನೆರವು. ರಿಸರ್ವ್ ಬ್ಯಾಂಕು 2018ರ ಅಕ್ಟೋಬರಿನಲ್ಲಿ ಕ್ರೋಡೀಕರಿಸಿ ಹೊರಡಿಸಿದ ನಿರ್ದೇಶನಗಳಲ್ಲಿಯೇ, ವಿಕೋಪಪೀಡಿತ ಪ್ರದೇಶಗಳಲ್ಲಿ ಬೆಳೆಸಾಲದ ಜೊತೆಗೆ ವರ್ತಕರ ಹಾಗೂ ಸಣ್ಣ ಉದ್ದಿಮೆಗಳ ಸಾಲವನ್ನೂ ಮರುಹೊಂದಿಸುವ, ಹೊಸ ಸಾಲ ನೀಡುವ ಅವಕಾಶವಿತ್ತು. ಆದರೆ ಬ್ಯಾಂಕರುಗಳ ಸಮಿತಿಯ ಸಭೆಗಳಲ್ಲಿ ಚರ್ಚೆಯಾಗುವುದು ಸಾಮಾನ್ಯವಾಗಿ ಬೆಳೆಸಾಲವೇ, ಏಕೆಂದರೆ ಅಲ್ಲಿ ರೈತರ ಧ್ವನಿಯಿದೆ, ನಮ್ಮ ಧ್ವನಿಯಿಲ್ಲ. ಅಂತಹ ಸಭೆಗಳಿಗೆ ವಾಣಿಜ್ಯ ಮಂಡಳಿಯ ಪ್ರತಿನಿಧಿಯನ್ನು ಆಹ್ವಾನಿಸಬೇಕೆಂದು ಒತ್ತಾಯಿಸಲು ಯಾವ ಹೊಸ ಕಾನೂನೂ ಬೇಕಾಗಿಲ್ಲ.

ನಮ್ಮ ಪಾಲಿನ ಕರ್ತವ್ಯ

ಸರ್ಕಾರಕ್ಕೆ ಬುದ್ಧಿ ಹೇಳಿ ನಾವು ಕೈಕಟ್ಟಿ ಕುಳಿತರೆ ಸಾಲದು. ಸಣ್ಣ ಘಟಕಗಳ ಲೆಕ್ಕವನ್ನು ವರ್ಷಗಟ್ಟಲೆ ನೋಡಿದವನಾಗಿ ಹೇಳುತ್ತೇನೆ: ನಮ್ಮಲ್ಲಿ ಬಹುಮಂದಿಯ ದಾಸ್ತಾನು ಪುಸ್ತಕವು ಮಾರ್ಚ್ 31ರಂದು ಮಾತ್ರ ಕಣ್ಣು ತೆರೆಯುತ್ತದೆ. ಆಗಸ್ಟಿನಲ್ಲಿ ನೀರು ನುಗ್ಗಿದಾಗ ಒಳಗೆ ಎಷ್ಟಿತ್ತೆಂದು ಸಾಬೀತುಪಡಿಸಲು ಕಾಗದವಿರುವುದಿಲ್ಲ. ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿ ಒಂದು, ತೆರಿಗೆ ಲೆಕ್ಕದ್ದು ಇನ್ನೊಂದು ಎಂದಾದರೆ ವಿಮಾ ಸರ್ವೇಯರು ಕಡಿಮೆಯಿರುವ ಅಂಕಿಯನ್ನೇ ಹಿಡಿಯುತ್ತಾನೆ. ಅವನನ್ನು ದೂಷಿಸಿ ಫಲವಿಲ್ಲ.

ವಿಮೆಯ ವಿಷಯದಲ್ಲಿಯೂ ಉದಾಸೀನ ಸಲ್ಲದು. ಒಂದು ಸ್ಥಳದಲ್ಲಿ ರೂ. 5 ಕೋಟಿಯವರೆಗಿನ ಆಸ್ತಿಯುಳ್ಳ ಘಟಕಗಳಿಗೆ 2021ರ ಏಪ್ರಿಲಿನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಏಕರೂಪದ ಪಾಲಿಸಿಯಿದೆ. ನೆರೆ, ಬಿರುಗಾಳಿಗಳ ಹಾನಿ ಅದರಲ್ಲಿ ಸೇರಿದೆ. ವಿಮಾ ಮೊತ್ತ ಶೇಕಡ 15ರಷ್ಟು ಕಡಿಮೆ ಬಿದ್ದರೂ ಕ್ಲೇಮನ್ನು ಕತ್ತರಿಸುವಂತಿಲ್ಲ. ದಾಸ್ತಾನಿಗೆ ವಿಮೆ ಮಾಡಿಸುವಾಗ ಹಿಂದಿರುಗಿಸಬೇಕಾದೀತೆಂಬ ಜಿ.ಎಸ್.ಟಿ.ಯನ್ನೂ ಸೇರಿಸಿ ಮೊತ್ತ ನಮೂದಿಸಿದರೆ, ಮೇಲಿನ ಉದಾಹರಣೆಯ ರೂ. 1.80 ಲಕ್ಷಕ್ಕೂ ರಕ್ಷಣೆ ಕೋರಬಹುದು. ಪಾಲಿಸಿಯ ಷರತ್ತುಗಳನ್ನು ಓದಿ, ಏಜೆಂಟರಿಂದ ಈ ಅಂಶವನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಆನೇಕಲ್ ತಾಲ್ಲೂಕಿನ ರೈತನೂ ಬೊಮ್ಮಸಂದ್ರದ ಉದ್ದಿಮೆದಾರನೂ ಒಂದೇ ಮಳೆಯನ್ನು ನಂಬಿ, ಒಂದೇ ಮಳೆಗೆ ಅಂಜಿ ಬದುಕುವವರು. ಅವನಿಗೆ ಎಕರೆಗೆ ಮೂರು ಸಾವಿರ ಚಿಲ್ಲರೆ ರೂಪಾಯಿ ದೊರೆತದ್ದಕ್ಕೆ ನಾವು ಮುಖ ಸಿಂಡರಿಸಬೇಕಾದ ಕಾರಣವಿಲ್ಲ. ಅದು ಇನ್ನೂ ಬೇಗ ಬರಲಿ, ಗೇಣಿದಾರನಿಗೂ ತಲುಪಲಿ ಎಂದು ನಮ್ಮ ಮನವಿಯ ಮೊದಲ ಪುಟದಲ್ಲಿಯೇ ಬರೆಯೋಣ. ಎರಡನೆಯ ಪುಟದಲ್ಲಿ ನಮ್ಮ ನಾಲ್ಕು ಬೇಡಿಕೆಗಳಿರಲಿ. ಮಂಡಳಿಯ ಕಾರ್ಯಕಾರಿ ಸಮಿತಿಯು ಮುಂದಿನ ಮುಂಗಾರಿಗೆ ಮುನ್ನವೇ ಇಂತಹದೊಂದು ಮನವಿಯನ್ನು ಸಿದ್ಧಪಡಿಸಿ ಕಂದಾಯ, ಹಣಕಾಸು ಹಾಗೂ ಕೈಗಾರಿಕಾ ಇಲಾಖೆಗಳಿಗೆ ಸಲ್ಲಿಸಬೇಕೆಂದು ವಿನಂತಿಸುತ್ತೇನೆ. ಹಿಂದೆ ಹಾನಿಗೊಳಗಾದ ಸದಸ್ಯರು ತಮ್ಮ ಬಿಲ್ಲು, ಛಾಯಾಚಿತ್ರ, ವಿಮಾ ಪತ್ರವ್ಯವಹಾರದ ಪ್ರತಿಗಳನ್ನು ಮಂಡಳಿಯ ಕಚೇರಿಗೆ ತಲುಪಿಸಿದರೆ ಮನವಿಗೆ ಬಲ ಬರುತ್ತದೆ. ಲೆಕ್ಕವಿಲ್ಲದ ನಷ್ಟಕ್ಕೆ ಯಾವ ಸರ್ಕಾರವೂ ಉತ್ತರ ಕೊಡುವುದಿಲ್ಲ; ಆ ಲೆಕ್ಕವನ್ನು ಬರೆದಿಡುವ ಕೆಲಸ ನಮ್ಮಿಂದಲೇ ಆರಂಭವಾಗಬೇಕು.